ಮುಪ್ಪೂ ಮರೆವೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಿದಾಗ, ಹೇಳಿದ ಕಥೆಯನ್ನೇ ಮತ್ತೆ ಹೇಳಿದಾಗ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದಾಗ, ಸುತ್ತಲಿದ್ದವರು ಈ ಗಾದೆಯನ್ನು ನೆನೆದು ನಕ್ಕು ಸುಮ್ಮನಾಗುವುದು ವಾಡಿಕೆ. ಗಾದೆಯಲ್ಲಿ ಪ್ರೀತಿ ಇಲ್ಲದಿಲ್ಲ, ಅನುಭವವೂ ಇಲ್ಲದಿಲ್ಲ. ಆದರೂ ವಿಚಾರಿಸಿ ನೋಡಿದರೆ ಅದರಲ್ಲಿ ಒಂದು ಅಪಾಯ ಅಡಗಿದೆ. ವಯೋಧರ್ಮದಿಂದ ಬರುವ ಮರೆವು ಒಂದು. ಮಿದುಳಿಗೆ ತಗಲಿದ ರೋಗದಿಂದ ಬರುವ ಮರೆವು ಇನ್ನೊಂದು. ಗಾದೆ ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿಬಿಡುತ್ತದೆ. ಇದರ ಫಲವಾಗಿ, ವೈದ್ಯನ ಬಳಿಗೆ ಹೋಗಬೇಕಾದವರು ಮನೆಯ ಮೂಲೆಯಲ್ಲಿಯೇ ಉಳಿದುಬಿಡುತ್ತಾರೆ. ವಾಸಿಯಾಗಬಹುದಾದ ಬೇನೆಯೂ ವಾಸಿಯಾಗದೆ ಹೋಗುತ್ತದೆ. ಈ ಎರಡನ್ನೂ ಬಿಡಿಸಿ ನೋಡುವುದೇ ಈ ಭಾಷಣದ ಉದ್ದೇಶ.

ಗಾದೆಯ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮೊದಲು ಲೆಕ್ಕದಿಂದಲೇ ನೋಡೋಣ. ನಮ್ಮ ದೇಶದ ನಾನಾ ಪ್ರಾಂತಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, 60 ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು 7.4ರಷ್ಟು ಮಂದಿಗೆ ಈ ರೋಗವಿದೆ. ಒಟ್ಟು ಸಂಖ್ಯೆ ಸುಮಾರು 88 ಲಕ್ಷ. ಸಣ್ಣ ಸಂಖ್ಯೆಯೇನೂ ಅಲ್ಲ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ, ಅರವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರ ಬುದ್ಧಿ ನೆಟ್ಟಗೇ ಇದೆ ಎಂದಾಯಿತು. ಅರಳುಮರಳು ಮುಪ್ಪಿನ ನಿಯಮವಾಗಿದ್ದರೆ ಹೀಗಾಗುತ್ತಿರಲಿಲ್ಲ. ನಿಯಮಕ್ಕೆ ಹೊರಗಾದುದು ಬಂದಾಗ ಅದಕ್ಕೊಂದು ಕಾರಣ ಇರಲೇಬೇಕು. ಕಾರಣವನ್ನು ಹುಡುಕುವುದು ನಮ್ಮ ಕರ್ತವ್ಯ.

ವೈದ್ಯರು ಈ ಸ್ಥಿತಿಯನ್ನು ‘ಡಿಮೆನ್ಷಿಯ’ ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಮೆನ್ಸ್’ ಎಂದರೆ ಮನಸ್ಸು. ಮನಸ್ಸು ತನ್ನ ನೆಲೆಯಿಂದ ಕಳಚಿಕೊಂಡುದು ಎಂಬುದು ಆ ಮಾತಿನ ಅರ್ಥ. ಕನ್ನಡದಲ್ಲಿ ಇದನ್ನು ‘ಮತಿಕ್ಷಯ’ ಎನ್ನಬಹುದೆಂದು ತೋರುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮತಿಕ್ಷಯವೆಂಬುದು ಒಂದು ರೋಗದ ಹೆಸರಲ್ಲ. ಜ್ವರವೆಂಬುದು ಹೇಗೆ ಹಲವು ರೋಗಗಳ ಲಕ್ಷಣವೋ ಹಾಗೆಯೇ ಇದೂ ಹಲವು ರೋಗಗಳ ಲಕ್ಷಣ. ನೆನಪು, ಮಾತು, ಲೆಕ್ಕಾಚಾರ, ವಿವೇಚನೆ, ದಿಕ್ಕು ದೆಸೆಗಳ ತಿಳಿವಳಿಕೆ, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಶಕ್ತಿಗಳು ಕುಂದಿ, ದಿನದಿನದ ಬಾಳನ್ನು ತಾನಾಗಿ ನಡೆಸಿಕೊಳ್ಳಲಾರದಷ್ಟು ಕುಂದಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ.

ಒಂದು ಉದಾಹರಣೆಯಿಂದ ಈ ಭೇದ ಸ್ಪಷ್ಟವಾದೀತು. ಎಪ್ಪತ್ತು ವರ್ಷದ ಯಜಮಾನರೊಬ್ಬರು ಹಾಲಿನವನಿಗೆ ಈ ತಿಂಗಳ ಹಣ ಕೊಟ್ಟುದನ್ನು ಮರೆಯುತ್ತಾರೆ. ಲೆಕ್ಕದ ಪುಸ್ತಕ ತೆರೆದೊಡನೆ ‘ಹೌದು, ಕೊಟ್ಟಿದ್ದೇನೆ’ ಎಂದು ನೆನಪಿಸಿಕೊಳ್ಳುತ್ತಾರೆ. ಇದು ವಯೋಧರ್ಮ. ಮುಪ್ಪಿನ ಮಿದುಳಿನಲ್ಲಿ ನೆನಪು ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಇನ್ನೊಬ್ಬರು ಪುಸ್ತಕವನ್ನು ತೆರೆದರೂ ಆ ಬರಹ ತಮ್ಮದೆಂದು ಒಪ್ಪುವುದಿಲ್ಲ. ಲೀಟರಿಗೆ ಇಷ್ಟಾದರೆ ತಿಂಗಳಿಗೆಷ್ಟು ಎಂಬ ಗುಣಾಕಾರವೇ ಅವರಿಗೆ ತೊಡಕಾಗಿದೆ. ಹಾಲಿನವನು ತಮ್ಮನ್ನು ಮೋಸಮಾಡುತ್ತಿದ್ದಾನೆಂದು ಜಗಳಕ್ಕೆ ನಿಲ್ಲುತ್ತಾರೆ. ನಲವತ್ತು ವರ್ಷ ಮನೆಮಂದಿಗೆಲ್ಲ ಅಡಿಗೆಮಾಡಿದ ಗೃಹಿಣಿ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತರೆ ಚಿಂತೆಯಿಲ್ಲ. ಆಕೆ ಒಲೆಯ ಮುಂದೆ ನಿಂತು, ಬೇಳೆ ಮೊದಲೋ ಒಗ್ಗರಣೆ ಮೊದಲೋ ತಿಳಿಯದೆ ಬೆಚ್ಚಿದರೆ, ಅದನ್ನು ಚಿಂತಿಸತಕ್ಕ ವಿಷಯವೆಂದೇ ಭಾವಿಸಬೇಕು.

ಮಿದುಳೆಂಬುದು ಸುಮಾರು 1,400 ಗ್ರಾಂ ತೂಕದ ಒಂದು ಅಂಗ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಡೀ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾದ ಈ ಅಂಗ, ದೇಹವು ಉಪಯೋಗಿಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ತಾನೇ ಬಳಸುತ್ತದೆ. ಒಂದೊಂದು ಕೋಶವೂ ಸಾವಿರಾರು ಕೋಶಗಳೊಡನೆ ಸಂಬಂಧವಿಟ್ಟುಕೊಂಡಿದೆ; ನಮ್ಮ ನೆನಪು, ಮಾತು, ಮಮತೆ ಎಲ್ಲವೂ ಈ ಸಂಬಂಧಗಳ ಬಲೆಯಲ್ಲಿಯೇ ಇವೆ. ವಯಸ್ಸಾದಂತೆ ಮಿದುಳು ಸ್ವಲ್ಪ ಸೊರಗುವುದು ಸಹಜ. ಆದರೆ ಶಬ್ದಸಂಪತ್ತು, ಲೋಕಾನುಭವ, ಗುಣಾವಗುಣಗಳ ವಿವೇಕ ಇವು ಎಂಬತ್ತರಲ್ಲಿಯೂ ಕುಂದದೆ ಇರಬಲ್ಲುವು. ಕೋಶಗಳು ಒಂದು ಎಡೆಯಲ್ಲಿ ಗುಂಪುಗುಂಪಾಗಿ ಸಾಯತೊಡಗಿದಾಗ ಮಾತ್ರ ಮತಿಕ್ಷಯ ತಲೆದೋರುತ್ತದೆ. ಯಾವ ಎಡೆಯಲ್ಲಿ ಸತ್ತುವು, ಏಕೆ ಸತ್ತುವು ಎಂಬುದರ ಮೇಲೆ ಅದರ ಬಗೆಗಳನ್ನು ಎಣಿಸುತ್ತಾರೆ.

ಈ ಬಗೆಗಳಲ್ಲಿ ಮುಖ್ಯವಾದುದು ಆಲ್ಜ್‌ಹೈಮರ್ ರೋಗ. ಮತಿಕ್ಷಯವಾದ ನೂರು ಮಂದಿಯಲ್ಲಿ ಅರವತ್ತರಿಂದ ಎಪ್ಪತ್ತು ಮಂದಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಇದರ ಇತಿಹಾಸ ತಿಳಿಯತಕ್ಕದ್ದಾಗಿದೆ. 1901ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಅಲ್ಲಿದ್ದ ವೈದ್ಯ ಆಲೋಯ್ಸ್ ಆಲ್ಜ್‌ಹೈಮರ್ ಆಕೆಯ ಹೆಸರೇನೆಂದು ಕೇಳಿದ, ‘ಆಗುಸ್ಟೆ’ ಎಂದಳು. ಮನೆತನದ ಹೆಸರು ಕೇಳಿದ. ಅದಕ್ಕೂ ‘ಆಗುಸ್ಟೆ’ ಎಂದೇ ಉತ್ತರ. ಗಂಡನ ಹೆಸರು ಕೇಳಿದರೆ, ಸ್ವಲ್ಪ ತಡೆದು, ಮತ್ತೆ ‘ಆಗುಸ್ಟೆ’ ಎಂದಳು. ತನ್ನನ್ನು ತಾನೇ ಕಳೆದುಕೊಂಡಿರುವುದಾಗಿ ಆಕೆ ಹೇಳಿಕೊಂಡುದು ಆ ವೈದ್ಯನ ಟಿಪ್ಪಣಿಯಲ್ಲಿದೆ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಳು. ಅಷ್ಟರಲ್ಲಿ ಆಲ್ಜ್‌ಹೈಮರ್ ಮ್ಯೂನಿಕ್ ನಗರಕ್ಕೆ ಹೋಗಿದ್ದ. ಆಕೆಯ ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳುವಾದ ಪದರಗಳಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನಿಗೆ ಎರಡು ವಿಚಿತ್ರಗಳು ಕಂಡುವು: ಕೋಶಗಳ ಹೊರಗೆ ಕಲೆಗಳಂತೆ ಕೂತಿದ್ದ ಗಡ್ಡೆಗಳು, ಕೋಶಗಳ ಒಳಗೆ ನೂಲಿನಂತೆ ಹೊಸೆದುಕೊಂಡಿದ್ದ ಸಿಕ್ಕುಗಳು. ಆ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವೈದ್ಯಸಭೆಯಲ್ಲಿ ಅವನು ಇದನ್ನು ಓದಿದಾಗ ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಅವನ ಹಿರಿಯನಾದ ಕ್ರೇಪೆಲಿನ್ ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜ್‌ಹೈಮರನ ಹೆಸರಿಟ್ಟ.

ಇಲ್ಲಿಂದ ಮುಂದೆ ನಡೆದುದು ನಮ್ಮ ಗಾದೆಗೆ ಸಂಬಂಧಪಟ್ಟ ವಿಷಯ. ಆಗುಸ್ಟೆಗೆ ಮುಪ್ಪು ಬಂದಿರಲಿಲ್ಲವಾಗಿ, ಇದು ನಡುವಯಸ್ಸಿನಲ್ಲಿ ಬರುವ ಒಂದು ಅಪರೂಪದ ಬೇನೆಯೆಂದು ಲೋಕ ಭಾವಿಸಿತು. ಮುದುಕರ ಮರೆವಿಗೆ ಮುಪ್ಪೂ ಗಡುಸಾದ ರಕ್ತನಾಳಗಳೂ ಕಾರಣವೆಂದು ಹೇಳಿ ವೈದ್ಯರೂ ಸುಮ್ಮನಾದರು. ಎಂದರೆ, ಗಾದೆಯ ಮಾತನ್ನೇ ಪಾಶ್ಚಾತ್ಯ ವೈದ್ಯರೂ ಅರ್ಧ ಶತಮಾನ ನಂಬಿಕೊಂಡಿದ್ದರು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಬ್ಲೆಸ್ಡ್, ಟಾಮ್ಲಿನ್‌ಸನ್, ರಾತ್ ಎಂಬ ಮೂವರು ಮತಿಕ್ಷಯದಿಂದ ತೀರಿಕೊಂಡ ವೃದ್ಧರ ಮಿದುಳುಗಳನ್ನು ಪರೀಕ್ಷಿಸಿದಾಗ, ಅನೇಕರಲ್ಲಿ ಆಲ್ಜ್‌ಹೈಮರ್ ಕಂಡ ಅದೇ ಗಡ್ಡೆ, ಅದೇ ಸಿಕ್ಕು ಕಾಣಬಂದುವು. 1976ರಲ್ಲಿ ಅಮೆರಿಕದ ಕಾಟ್ಜ್‌ಮನ್ ಎಂಬ ವೈದ್ಯ, ನಡುವಯಸ್ಸಿನ ರೋಗವೂ ಮುಪ್ಪಿನ ರೋಗವೂ ಒಂದೇ ಎಂದು ವಾದಿಸಿದ. ಅಲ್ಲಿಂದೀಚೆಗೆ ಮುಪ್ಪಿನ ಮರೆವು ಸಂಶೋಧನೆಯ ವಿಷಯವಾಯಿತು.

ಗಡ್ಡೆಗಳು ‘ಅಮಿಲಾಯ್ಡ್’ ಎಂಬ ಪ್ರೋಟೀನಿನಿಂದಲೂ ಸಿಕ್ಕುಗಳು ‘ಟೌ’ ಎಂಬ ಇನ್ನೊಂದರಿಂದಲೂ ಆದುವೆಂದು 1980ರ ದಶಕದಲ್ಲಿ ತಿಳಿದುಬಂತು. ಆರೋಗ್ಯವಂತರ ಮಿದುಳಿನಲ್ಲಿಯೂ ಇವು ಹುಟ್ಟುತ್ತವೆ. ಹುಟ್ಟಿದುದು ಕಾಲಕಾಲಕ್ಕೆ ತೊಳೆದುಹೋಗುತ್ತದೆ. ಹೋಗದೆ ಕೂಡಿಬಿದ್ದಾಗ ಕೇಡು ಮೊದಲಾಗುತ್ತದೆ. ಗಡ್ಡೆಗಳು ಕೂಡತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಎಂಬುದು ಗಮನಾರ್ಹ. ಕೇಡು ಮೊದಲು ಮುಟ್ಟುವ ಎಡೆಗಳಲ್ಲಿ, ಸಮುದ್ರಕುದುರೆಯ ಆಕಾರದಿಂದ ‘ಹಿಪೊಕ್ಯಾಂಪಸ್’ ಎಂಬ ಹೆಸರು ಪಡೆದ ಭಾಗ ಮುಖ್ಯವಾದುದು. ಹೊಸ ನೆನಪುಗಳನ್ನು ಕಟ್ಟಿಡುವುದು ಅದರ ಕೆಲಸ. ಆದುದರಿಂದಲೇ ಇಂಥ ರೋಗಿಗೆ ಬೆಳಗ್ಗೆ ಉಂಡ ತಿಂಡಿ ನೆನಪಿರುವುದಿಲ್ಲ. ಅರವತ್ತು ವರ್ಷದ ಹಿಂದಿನ ಮದುವೆಯ ಚಪ್ಪರ ಚೆನ್ನಾಗಿ ನೆನಪಿರುತ್ತದೆ. ‘ಹಳೆಯದೆಲ್ಲ ನೆನಪಿದೆ, ರೋಗವೆಲ್ಲಿ ಬಂತು?’ ಎಂದು ಮನೆಯವರು ವಾದಿಸುವುದುಂಟು. ಹಳೆಯದಿದ್ದು ಹೊಸದು ಹೋಗುವುದೇ ಈ ರೋಗದ ಗುರುತು.

ಎರಡನೆಯ ಬಗೆ ರಕ್ತನಾಳಗಳಿಂದ ಬರುವುದು. ಮಿದುಳಿಗೆ ರಕ್ತವನ್ನು ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ಕೋಶಗಳು ಸಾಯುತ್ತವೆ. ದೊಡ್ಡ ನಾಳವಾದರೆ ಲಕ್ವ ಹೊಡೆದು ಎಲ್ಲರಿಗೂ ತಿಳಿಯುತ್ತದೆ. ಕೂದಲಿನಂಥ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಆಲ್ಜ್‌ಹೈಮರ್ ರೋಗ ಇಳಿಜಾರಿನಂತೆ ಮೆಲ್ಲಗೆ ಇಳಿದರೆ, ಇದು ಎಷ್ಟೋ ವೇಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ: ಒಂದು ದಿನ ಥಟ್ಟನೆ ಕುಗ್ಗಿ, ಕೆಲವು ತಿಂಗಳು ಹಾಗೆಯೇ ನಿಂತು, ಮತ್ತೆ ಥಟ್ಟನೆ ಕುಗ್ಗುವುದು. ಇಲ್ಲಿ ಮರೆವಿಗಿಂತ ಮಂದತನ, ತೀರ್ಮಾನ ಮಾಡಲಾರದಿರುವುದು, ನಡಿಗೆಯ ತೊಡಕು ಹೆಚ್ಚಾಗಿ ಕಾಣುತ್ತವೆ. ರಕ್ತದ ಒತ್ತಡ, ಸಿಹಿಮೂತ್ರ, ಹೊಗೆಬತ್ತಿ ಇವೇ ಇದರ ಮೂಲ. ಈ ಮೂರೂ ನಮ್ಮ ಪಟ್ಟಣಗಳಲ್ಲಿ ಎಷ್ಟು ಹರಡಿವೆಯೆಂಬುದನ್ನು ನಾನು ಹೇಳಬೇಕಾಗಿಲ್ಲ.

ಮೂರನೆಯದು ಲೂಯಿ ಎಂಬ ವೈದ್ಯನ ಹೆಸರಿನದು. ಆಲ್ಜ್‌ಹೈಮರನ ಪ್ರಯೋಗಶಾಲೆಯಲ್ಲಿಯೇ ಕೆಲಸಮಾಡುತ್ತಿದ್ದ ಆತ 1912ರಲ್ಲಿ ಕೋಶಗಳೊಳಗೆ ದುಂಡಾದ ಕಣಗಳನ್ನು ವರ್ಣಿಸಿದ. ಈ ಬಗೆಯ ರೋಗಿಯ ಬುದ್ಧಿ ಒಂದೇ ರೀತಿಯಲ್ಲಿರುವುದಿಲ್ಲ. ಬೆಳಗ್ಗೆ ತಿಳಿಯಾಗಿದ್ದು ಮಧ್ಯಾಹ್ನ ಕದಡಿರುತ್ತದೆ. ಇಲ್ಲದ ಮನುಷ್ಯರೂ ಮಕ್ಕಳೂ ಪ್ರಾಣಿಗಳೂ ಎದುರಿಗೆ ನಿಂತಂತೆ ಕಾಣುತ್ತವೆ. ಕೈಕಾಲು ಬಿಗಿದು ನಡಿಗೆ ನಿಧಾನವಾಗುತ್ತದೆ. ಎಷ್ಟೋ ವರ್ಷ ಮೊದಲಿನಿಂದ ನಿದ್ರೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಿದ್ದುದೂ ಉಂಟು. ಇಲ್ಲದವರು ಕಂಡರೆ ನಮ್ಮ ಮನೆಗಳಲ್ಲಿ ಗಾಳಿ ಸೋಕಿತೆಂದು ಮಂತ್ರವಾದಿಯನ್ನು ಕರೆಸುವವರು ಇನ್ನೂ ಇದ್ದಾರೆ. ಈ ರೋಗಿಗಳಿಗೆ ಭ್ರಮೆಯನ್ನು ಅಡಗಿಸುವ ಕೆಲವು ಔಷಧಿಗಳು ಪ್ರಾಣಾಪಾಯವನ್ನೇ ತರಬಹುದಾದುದರಿಂದ, ರೋಗದ ಬಗೆಯನ್ನು ಸರಿಯಾಗಿ ಗುರುತಿಸುವುದು ಬಹು ಮುಖ್ಯ.

ನಾಲ್ಕನೆಯದನ್ನು ಪ್ರಾಗ್ ನಗರದ ಆರ್ನಾಲ್ಡ್ ಪಿಕ್ 1892ರಲ್ಲಿ ವಿವರಿಸಿದ. ಇದು ಹಣೆಯ ಹಿಂದಿನ ಮತ್ತು ಕಪೋಲದ ಮೇಲುಭಾಗದ ಮಿದುಳನ್ನು ಹಿಡಿಯುತ್ತದೆ. ಸಾಮಾನ್ಯವಾಗಿ 45ರಿಂದ 65 ವರ್ಷದೊಳಗೆ ತಲೆದೋರುತ್ತದೆ. ಇಲ್ಲಿ ಮೊದಲು ಹೋಗುವುದು ನೆನಪಲ್ಲ, ನಡತೆ ಅಥವಾ ಮಾತು. ಮರ್ಯಾದಸ್ಥನೆನಿಸಿದವನು ಸಭೆಯಲ್ಲಿ ಆಡಬಾರದುದನ್ನು ಆಡುತ್ತಾನೆ. ಮನೆಯವರ ದುಃಖ ಅವನನ್ನು ತಟ್ಟುವುದಿಲ್ಲ. ಸಿಹಿತಿಂಡಿಗೆ ಮಗುವಿನಂತೆ ಮುಗಿಬೀಳುತ್ತಾನೆ. ಊರಿನವರು ಚಾರಿತ್ರ್ಯ ಕೆಟ್ಟಿತೆನ್ನುತ್ತಾರೆ, ಕೆಟ್ಟಿರುವುದು ಮಿದುಳು. ಇವಲ್ಲದೆ, ಎರಡು ಬಗೆಗಳು ಒಬ್ಬರಲ್ಲೇ ಬೆರೆತಿರುವುದೂ ಉಂಟು. ವಯಸ್ಸು ಎಂಬತ್ತನ್ನು ದಾಟಿದ ಮೇಲೆ ಬೆರಕೆಯೇ ಹೆಚ್ಚು.

ಇಷ್ಟು ಹೊತ್ತು ಹೇಳಿದುವು ಇಂದಿನ ವೈದ್ಯದಿಂದ ಪೂರ್ತಿ ವಾಸಿಯಾಗತಕ್ಕವಲ್ಲ. ಇನ್ನು ಹೇಳುವುವು ಬೇರೆಯ ಜಾತಿಯವು. ಕೇಳುಗರು ಇವನ್ನು ಮನಸ್ಸಿನಲ್ಲಿಡಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇನೆ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತರೆ ಬುದ್ಧಿ ಮಂಕಾಗುತ್ತದೆ, ಗುಳಿಗೆಯಿಂದ ಸರಿಹೋಗುತ್ತದೆ. ಬಿ-12 ಎಂಬ ಜೀವಸತ್ತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅದು ಹಾಲು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ದೊರೆಯುವುದರಿಂದ, ಊಟ ಕಡಮೆಮಾಡಿದ ವೃದ್ಧ ಶಾಕಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು ಬಿದ್ದು, ಕೆಲವು ವಾರಗಳ ಮೇಲೆ ತಾತ ತಬ್ಬಿಬ್ಬಾದರೆ, ಮಿದುಳಿನ ಪೊರೆಯಡಿ ರಕ್ತ ಕಟ್ಟಿರಬಹುದು. ಶಸ್ತ್ರವೈದ್ಯ ಅದನ್ನು ತೆಗೆಯಬಲ್ಲ. ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರ ತಡೆಯಲಾರದಿರುವುದು, ಮರೆವು ಈ ಮೂರೂ ಕೂಡಿದ್ದರೆ ಮಿದುಳಿನ ಕುಹರಗಳಲ್ಲಿ ನೀರು ತುಂಬಿರಬಹುದು. 1965ರಲ್ಲಿ ಹಕೀಂ ಮತ್ತು ಆಡಮ್ಸ್ ಎಂಬುವರು ಇದನ್ನು ವರ್ಣಿಸಿದರು. ಕೊಳವೆಯಿಟ್ಟು ನೀರನ್ನು ಬೇರೆಡೆಗೆ ಹರಿಸಿದರೆ ಹಲವರು ಎದ್ದು ನಡೆಯುತ್ತಾರೆ. ಸಂಗಾತಿಯನ್ನು ಕಳೆದುಕೊಂಡವರ ಖಿನ್ನತೆ ಮರೆವಿನ ವೇಷದಲ್ಲಿ ಬರುತ್ತದೆ. ನಿದ್ರೆಯ ಗುಳಿಗೆಗಳೂ ನೆಗಡಿಯ ಕೆಲವು ಔಷಧಿಗಳೂ ಮುದುಕರ ಬುದ್ಧಿಯನ್ನು ಕದಡುತ್ತವೆ. ಎರಡು ಮೂರು ದಿನಗಳಲ್ಲಿ ಹಠಾತ್ತಾಗಿ ಬಂದ ಗೊಂದಲವಾದರೆ ಅದು ಮೂತ್ರನಾಳದ ಅಥವಾ ಎದೆಯ ಸೋಂಕಿನ ಗುರುತಾಗಿರಬಹುದು. ಅಂದೇ ವೈದ್ಯನನ್ನು ಕಾಣಬೇಕು. ಒಂದಿಷ್ಟು ರಕ್ತಪರೀಕ್ಷೆ, ಮಿದುಳಿನ ಒಂದು ಚಿತ್ರ, ಇಷ್ಟರಿಂದ ಇವುಗಳಲ್ಲಿ ಬಹುಪಾಲು ತಿಳಿದುಬರುತ್ತವೆ. ಗಾದೆಯನ್ನು ನಂಬಿ ಕೂತವರಿಗೆ ತಿಳಿಯುವ ಸಂಭವವಿಲ್ಲ.

ಇನ್ನು ಮೂಲಕಾರಣಗಳ ಮಾತು. ವಯಸ್ಸೇ ಮೊದಲನೆಯದು, ಅರವತ್ತೈದು ಕಳೆದ ಮೇಲೆ ಸುಮಾರು ಐದೈದು ವರ್ಷಕ್ಕೆ ಸಂಭವ ಇಮ್ಮಡಿಯಾಗುತ್ತದೆ. ವಂಶಾನುಗತವಾಗಿ ಖಂಡಿತವಾಗಿ ಬರುವ ಬಗೆ ಬಹಳ ವಿರಳ. ಸಂಭವವನ್ನು ಹೆಚ್ಚಿಸುವ ಅಂಶಗಳು ಮಾತ್ರ ಸಾಮಾನ್ಯವಾಗಿವೆ. ತಂದೆಗಿತ್ತೆಂದು ಮಗ ಹೆದರಬೇಕಾಗಿಲ್ಲ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಮಂಡಲಿಯೊಂದು, ನಮ್ಮ ಕೈಯಲ್ಲಿರುವ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿತು: ಬಾಲ್ಯದಲ್ಲಿ ವಿದ್ಯೆಯ ಕೊರತೆ, ಕಿವುಡು, ಕಣ್ಣಿನ ಮಂದತೆ, ರಕ್ತದ ಒತ್ತಡ, ಕೆಟ್ಟ ಕೊಬ್ಬು, ಸಿಹಿಮೂತ್ರ, ಬೊಜ್ಜು, ಹೊಗೆಬತ್ತಿ, ಅತಿಯಾದ ಮದ್ಯ, ತಲೆಯ ಪೆಟ್ಟು, ವ್ಯಾಯಾಮವಿಲ್ಲದಿರುವುದು, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ. ಇವೆಲ್ಲವನ್ನೂ ನೀಗಿದರೆ ಲೋಕದಲ್ಲಿ ನೂರಕ್ಕೆ ಸುಮಾರು 45ರಷ್ಟು ಮತಿಕ್ಷಯವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಗಣನೆ. ಕಿವಿ ಕೇಳದ ಅಜ್ಜಿಗೆ ಒಂದು ಶ್ರವಣಯಂತ್ರ, ಪೊರೆ ಬಂದ ಕಣ್ಣಿಗೆ ಒಂದು ಚಿಕಿತ್ಸೆ, ಇವು ಮಿದುಳಿನ ಸೇವೆಯೂ ಹೌದು.

ವಿದ್ಯೆ ಮಿದುಳನ್ನು ಹೇಗೆ ಕಾಯುತ್ತದೆಂಬ ಪ್ರಶ್ನೆಗೆ ಅಮೆರಿಕದ ಸಂನ್ಯಾಸಿನಿಯರು ಒಂದು ಉತ್ತರ ಕೊಟ್ಟಿದ್ದಾರೆ. 1986ರಲ್ಲಿ ಡೇವಿಡ್ ಸ್ನೋಡನ್ ಎಂಬಾತ ಆರಂಭಿಸಿದ ಅಧ್ಯಯನದಲ್ಲಿ 678 ಮಂದಿ ವೃದ್ಧ ಕ್ರೈಸ್ತ ಸಂನ್ಯಾಸಿನಿಯರು ಸೇರಿ, ಮರಣಾನಂತರ ತಮ್ಮ ಮಿದುಳುಗಳನ್ನು ದಾನಮಾಡಲು ಒಪ್ಪಿದರು. ಕೆಲವರ ಮಿದುಳಿನಲ್ಲಿ ಗಡ್ಡೆ ಸಿಕ್ಕುಗಳು ಹೇರಳವಾಗಿದ್ದರೂ ಕೊನೆಯವರೆಗೆ ಅವರ ಬುದ್ಧಿ ಚುರುಕಾಗಿಯೇ ಇತ್ತು. ಯೌವನದಲ್ಲಿ ಅವರು ಬರೆದ ಆತ್ಮವೃತ್ತಾಂತಗಳನ್ನು ತೆಗೆದುನೋಡಿದಾಗ, ಭಾವಸಾಂದ್ರವಾಗಿ ಬರೆದವರಲ್ಲಿ ಮುಂದೆ ಮತಿಕ್ಷಯ ಕಡಮೆಯೆಂದು ತೋರಿಬಂತು. ನಮ್ಮ ದೇಶದ ಕೊಡುಗೆಯೂ ಇದೆ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಮತಿಕ್ಷಯ ಮೊದಲಾಗಿದೆ. ಅಕ್ಷರವರಿಯದವರಲ್ಲಿಯೂ ಈ ಲಾಭ ಕಂಡುದು ಸ್ವಾರಸ್ಯ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡವಾಡುವ ನಮ್ಮ ಜನಕ್ಕೆ ಇದು ಸಂತೋಷದ ವಾರ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ವರ್ಷ ಮೀರಿದವರನ್ನು ವರ್ಷವರ್ಷವೂ ಪರೀಕ್ಷಿಸಿ, ಮುಪ್ಪು ಮಿದುಳಿನಲ್ಲಿ ನಡೆಯುವ ದಾರಿಯನ್ನು ಗುರುತಿಸುತ್ತಿದ್ದಾರೆ.

ಚಿಕಿತ್ಸೆಯ ವಿಷಯದಲ್ಲಿ ಅತಿಯಾಸೆಯೂ ಬೇಡ, ನಿರಾಶೆಯೂ ಬೇಡ. 1990ರ ದಶಕದಿಂದ ದೊರೆತಿರುವ ಡೊನೆಪೆಜಿಲ್ ಮೊದಲಾದ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ನೆನಪನ್ನು ಎತ್ತಿಹಿಡಿಯುತ್ತವೆ. ಅಮಿಲಾಯ್ಡ್ ಗಡ್ಡೆಗಳನ್ನು ಕರಗಿಸುವ ಲೆಕಾನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕ ಪೂರ್ಣ ಸಮ್ಮತಿ ಕೊಟ್ಟಿತು. ಅದು ಆರಂಭದ ಹಂತದಲ್ಲಿ ಇಳಿತವನ್ನು ಸ್ವಲ್ಪ ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಮಿದುಳು ಊದಿಕೊಳ್ಳುವ, ರಕ್ತ ಒಸರುವ ಭಯವೂ ಇದೆ. ಆದುದರಿಂದ ಮನೆಯೇ ಇಂದಿಗೂ ಮುಖ್ಯ ಔಷಧಾಲಯ.

ಮನೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳದೆ ಮುಗಿಸಲಾಗದು. ಮತಿಕ್ಷಯವಾದ ಅತ್ತೆ ಊಟಮಾಡಿ ಎದ್ದ ಅರ್ಧಗಂಟೆಗೆ ಜಗಲಿಯಲ್ಲಿ ಕುಳಿತು, ಹೋಗುವವರನ್ನು ಕರೆದು, ‘ಸೊಸೆ ನನಗೆ ಅನ್ನವಿಕ್ಕಲಿಲ್ಲ’ ಎನ್ನುತ್ತಾಳೆ. ಆಕೆ ಸುಳ್ಳಾಡುತ್ತಿಲ್ಲ, ಉಂಡ ನೆನಪು ಆಕೆಯಲ್ಲಿ ಇಳಿಯಲೇ ಇಲ್ಲ. ಬಳೆ ಕಾಣದಿದ್ದರೆ ಸೊಸೆ ಕದ್ದಳೆನ್ನುತ್ತಾಳೆ. ತಾನೇ ಅಕ್ಕಿಯ ಡಬ್ಬಿಯಲ್ಲಿಟ್ಟುದು ಆಕೆಗೆ ತಿಳಿಯದು. ಬೀದಿಯವರು ಸೊಸೆಯನ್ನು ಹಳಿಯುತ್ತಾರೆ, ಗಂಡ ತಾಯಿಯನ್ನು ನಂಬುತ್ತಾನೆ, ರಾತ್ರಿಯೆಲ್ಲ ಎಚ್ಚರವಿದ್ದು ಸೇವೆಮಾಡುವವಳಿಗೆ ಹಗಲೆಲ್ಲ ಅಪವಾದ. ರೋಗದ ಹೆಸರು ತಿಳಿದ ದಿನ ರೋಗ ಹೋಗದಿರಬಹುದು. ಈ ಅಪವಾದ ಹೋಗುತ್ತದೆ. ವಾದಮಾಡಿ ರೋಗಿಯನ್ನು ಗೆಲ್ಲುವುದರಿಂದ ಫಲವಿಲ್ಲ. ‘ಅತ್ತೆ, ಈಗ ತಾನೇ ಉಂಡಿರಲ್ಲ’ ಎಂದರೆ ಜಗಳ. ‘ಅನ್ನ ಆಗುತ್ತಾ ಇದೆ, ಅಷ್ಟರಲ್ಲಿ ಈ ಬಾಳೆಹಣ್ಣು ತಿನ್ನಿ’ ಎಂದರೆ ಸಮಾಧಾನ. ದಿನದ ಕೆಲಸಗಳು ಒಂದೇ ಹೊತ್ತಿಗೆ ನಡೆಯಲಿ. ವಸ್ತುಗಳು ಒಂದೇ ಎಡೆಯಲ್ಲಿರಲಿ. ಒಮ್ಮೆಗೆ ಒಂದೇ ಮಾತು ಹೇಳಿ. ಹೂ ಕಟ್ಟುವುದು, ಹಳೆಯ ದೇವರನಾಮ ಹಾಡುವುದು ಎಷ್ಟೋ ಕಾಲ ಉಳಿದಿರುತ್ತವೆ, ಅವನ್ನು ಮಾಡಗೊಡಿ. ಸೇವೆಯ ಭಾರವನ್ನು ಒಬ್ಬಳ ಮೇಲೆಯೇ ಹೊರಿಸದೆ ಗಂಡುಮಕ್ಕಳೂ ಪಾಲುಗೊಳ್ಳಲಿ.

ಮುಂದೆ ಈ ಗಾದೆ ಬಾಯಿಗೆ ಬಂದಾಗ, ಅದನ್ನು ಆಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಮರೆವು ಎಂದಿನಿಂದ ಬಂತು? ಮೆಲ್ಲಗೆ ಬಂತೇ, ಥಟ್ಟನೆ ಬಂತೇ? ಇದರಿಂದ ಅವರ ನಿತ್ಯದ ಕೆಲಸ ಕೆಡುತ್ತಿದೆಯೇ? ಕೆಡುತ್ತಿರುವುದಾದರೆ ಅವರನ್ನು ವೈದ್ಯನ ಬಳಿಗೆ ಕರೆದುಕೊಂಡು ಹೋಗತಕ್ಕದ್ದು. ನಮಗೆ ಮಾತು ಕಲಿಸಿ, ನಮ್ಮ ಹೆಸರನ್ನು ನಮಗೆ ತಿಳಿಸಿಕೊಟ್ಟವರು ಅವರು. ಅವರಿಗೆ ತಮ್ಮ ಹೆಸರೇ ಮರೆತುಹೋದ ದಿನ ಅದನ್ನು ಪ್ರೀತಿಯಿಂದ ನೆನಪಿಸುವವರು ಪಕ್ಕದಲ್ಲಿರಬೇಕು.